ಒಂದೇ ಮನೆ, ಎರಡು ಕಂಪ್ಯೂಟರ್, ಮಾತುಕತೆ ಇಲ್ಲ

ಬಸವೇಶ್ವರನಗರದ ಪಾಲಕರೊಬ್ಬರು ಕೇಳಿರುವ ಪ್ರಶ್ನೆ ಈಗ ಅನೇಕ ಮನೆಗಳ ಪ್ರಶ್ನೆಯೂ ಹೌದು. ಅವರದು ಎರಡು ಅಂತಸ್ತಿನ ಮನೆ. ಕೆಳಗಿನ ಹಾಲ್‌ನಲ್ಲಿ ಹಳೆಯ ಕಂಪ್ಯೂಟರ್. ಅಜ್ಜ ಅಜ್ಜಿಯ ಫೋಟೋಗಳು, ಮಗಳ ದ್ವಿತೀಯ ಪಿಯುಸಿ ಟಿಪ್ಪಣಿಗಳು ಎಲ್ಲವೂ ಅದರಲ್ಲಿವೆ. ಮೇಲಿನ ಕೋಣೆಯಲ್ಲಿ ಮಗಳ ಹೊಸ ಲ್ಯಾಪ್‌ಟಾಪ್. ಎರಡಕ್ಕೂ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತದೆ. ಆದರೆ ಒಂದಕ್ಕೆ ಇನ್ನೊಂದು ಕಾಣುವುದಿಲ್ಲ. ಪರಿಚಯದ ಹುಡುಗನೊಬ್ಬ ಬಂದು ಫೈರ್‌ವಾಲ್ ಆರಿಸಿ, ಪಾಸ್‌ವರ್ಡ್ ತೆಗೆದು, ‘ಎಸ್‌ಎಂಬಿ 1’ ಎಂಬ ಹಳೆಯ ಸೌಲಭ್ಯವನ್ನು ಚಾಲೂ ಮಾಡಿ ಹೋದನಂತೆ. ಆದರೂ ಕಾಣಲಿಲ್ಲ. ‘ಈಗೇನು ಮಾಡುವುದು? ಹೀಗೇ ಬಿಟ್ಟರೆ ತೊಂದರೆಯೇ?’ ಎಂದು ಕೇಳಿದ್ದಾರೆ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಹೌದು, ತೊಂದರೆಯೇ. ಆ ಮೂರನ್ನೂ ಇಂದೇ ಮೊದಲಿನ ಸ್ಥಿತಿಗೆ ತನ್ನಿ. ಏಕೆಂಬುದನ್ನು ಮುಂದೆ ನೋಡೋಣ. ಈಗ ಮೊದಲ ಪ್ರಶ್ನೆಗೆ ಬರೋಣ.

ವಿದ್ಯಾರ್ಥಿಗಳೇ, ಬಲ್ಬಿನ ಮಂಡಲ ನಿಮಗೆ ನೆನಪಿರಬೇಕು. ಕೋಶ, ತಂತಿ, ಸ್ವಿಚ್ಚು, ಬಲ್ಬು. ಬಲ್ಬು ಉರಿಯಲಿಲ್ಲ ಎನ್ನಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಬಲ್ಬೇನೋ ಉರಿದೀತು. ಕೆಟ್ಟಿದ್ದು ಯಾವುದೆಂದು ಮಾತ್ರ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ನೋಡಿ, ಬರೆದಿಟ್ಟುಕೊಂಡು ಮುಂದಕ್ಕೆ ಹೋಗಬೇಕು. ಪ್ರಯೋಗಶಾಲೆಯ ಈ ನಿಯಮ ಕಂಪ್ಯೂಟರಿಗೂ ಅನ್ವಯಿಸುತ್ತದೆ. ಆ ಹುಡುಗ ಒಂದೇ ಏಟಿಗೆ ಮೂರನ್ನು ಬದಲಿಸಿದ. ರೋಗ ಮಾತ್ರ ನಾಲ್ಕನೆಯ ಕಡೆ ಇತ್ತು.

‘ಕಾಣುವುದಿಲ್ಲ’ ಎಂಬ ಒಂದು ದೂರಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಎರಡು ಕಂಪ್ಯೂಟರುಗಳ ನಡುವೆ ದಾರಿ ಇದೆಯೇ? ದಾರಿ ಇದ್ದರೆ, ಒಂದರ ಹೆಸರು ಇನ್ನೊಂದಕ್ಕೆ ಗೊತ್ತೇ? ಹೆಸರು ಗೊತ್ತಿದ್ದರೆ, ಒಳಗೆ ಬರಲು ಅನುಮತಿ ಇದೆಯೇ? ಇದೇ ಕ್ರಮದಲ್ಲಿ ನೋಡಬೇಕು. ದಾರಿಯೇ ಇಲ್ಲದಿರುವಾಗ ಬಾಗಿಲ ಬೀಗ ತೆಗೆದು ಪ್ರಯೋಜನವಿಲ್ಲ.

ದಾರಿ ಇದೆಯೇ?

ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯ ಜೊತೆ ‘ಆರ್’ ಒತ್ತಿ. ತೆರೆದ ಚೌಕದಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಬರೆದು ಎಂಟರ್ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ‘ಐಪಿವಿ4 ಅಡ್ರೆಸ್’ ಎಂಬುದರ ಮುಂದೆ ನಾಲ್ಕು ಸಂಖ್ಯೆಗಳ ಒಂದು ವಿಳಾಸ ಕಾಣುತ್ತದೆ. ಎರಡೂ ಕಂಪ್ಯೂಟರುಗಳಲ್ಲಿ ಹೀಗೆ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ.

ಈ ವಿಳಾಸ ನಮ್ಮ ಊರಿನ ಅಡ್ಡರಸ್ತೆಗಳಂತೆ. ‘4ನೇ ಅಡ್ಡರಸ್ತೆ, 12ನೇ ನಂಬರ್ ಮನೆ’ ಎಂದಷ್ಟೇ ಬರೆದು ಪತ್ರ ಹಾಕಿದರೆ ಪೋಸ್ಟ್‌ಮ್ಯಾನ್ ಏನು ಮಾಡಿಯಾನು? 4ನೇ ಅಡ್ಡರಸ್ತೆ ರಾಜಾಜಿನಗರದಲ್ಲೂ ಇದೆ, ವಿಜಯನಗರದಲ್ಲೂ ಇದೆ. ಬಡಾವಣೆಯ ಒಳಗೆ ಆ ವಿಳಾಸ ಸಾಕು, ಹೊರಗೆ ಸಾಲದು. ಐಪಿವಿ4 ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಲೋಕದ ಎಲ್ಲ ಯಂತ್ರಗಳಿಗೂ ಅವು ಸಾಲವು. ಆದ್ದರಿಂದ ಕೆಲವು ಸಂಖ್ಯೆಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿಡುವ ನಿಯಮ 1996ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. 192.168 ಎಂದು ಆರಂಭವಾಗುವ ವಿಳಾಸಗಳು ಈ ಗುಂಪಿನವು. ನಿಮ್ಮ ಮನೆಯ 192.168.1.5 ಪಕ್ಕದ ಮನೆಯಲ್ಲೂ ಇರಬಹುದು. ಜಗಳವೇನೂ ಆಗದು.

ಮನೆಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆಗಳು ಬಡಾವಣೆಯ ಹೆಸರಿದ್ದಂತೆ, ಕೊನೆಯದು ಮನೆಯ ನಂಬರಿದ್ದಂತೆ. ಎರಡು ಕಂಪ್ಯೂಟರುಗಳಲ್ಲೂ ಮೊದಲ ಮೂರು ಒಂದೇ ಆಗಿದ್ದರೆ ಒಂದೇ ಜಾಲದಲ್ಲಿವೆ ಎಂದು ಸದ್ಯಕ್ಕೆ ತಿಳಿಯಬಹುದು. ಬೇರೆಯಾಗಿದ್ದರೆ ರೋಗ ಸಿಕ್ಕಿದಂತೆಯೇ. 169.254 ಎಂದು ಆರಂಭವಾಗಿದ್ದರೆ ಆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ತಂತಿಯನ್ನೋ ವೈಫೈಯನ್ನೋ ಮೊದಲು ಸರಿಪಡಿಸಬೇಕು.

ಬಸವೇಶ್ವರನಗರದ ಮನೆಯಲ್ಲಿ ಕೆಳಗಿನ ಕಂಪ್ಯೂಟರಿನ ವಿಳಾಸ 192.168.1.7, ಮೇಲಿನ ಲ್ಯಾಪ್‌ಟಾಪಿನದು 192.168.0.105. ಮೂರನೆಯ ಸಂಖ್ಯೆ ಬೇರೆ! ವಿಚಾರಿಸಿದಾಗ ಕಾರಣ ತಿಳಿಯಿತು. ಇಂಟರ್‌ನೆಟ್ ಕಂಪನಿಯವರು ಕೆಳಗೆ ಒಂದು ರೂಟರ್ ಇಟ್ಟಿದ್ದಾರೆ. ಮೇಲಕ್ಕೆ ವೈಫೈ ಸರಿಯಾಗಿ ತಲುಪುವುದಿಲ್ಲವೆಂದು ಮನೆಯವರೇ ಇನ್ನೊಂದು ರೂಟರ್ ಕೊಂಡು, ಕೆಳಗಿನಿಂದ ತಂತಿ ಎಳೆದು ಜೋಡಿಸಿದ್ದಾರೆ. ಆ ಎರಡನೇ ರೂಟರ್ ಮೇಲಿನ ಅಂತಸ್ತನ್ನು ಬೇರೆಯೇ ಬಡಾವಣೆ ಮಾಡಿಬಿಟ್ಟಿದೆ.

‘ಎರಡಕ್ಕೂ ಇಂಟರ್‌ನೆಟ್ ಬರುತ್ತಿದೆಯಲ್ಲ?’ ಎಂದು ನೀವು ಕೇಳಬಹುದು. ಕೆಂಗೇರಿಯಿಂದಲೂ ಮೆಜೆಸ್ಟಿಕ್‌ಗೆ ಹೋಗಬಹುದು, ಬಸವೇಶ್ವರನಗರದಿಂದಲೂ ಹೋಗಬಹುದು. ಅಷ್ಟರಿಂದಲೇ ಕೆಂಗೇರಿಗೂ ಬಸವೇಶ್ವರನಗರಕ್ಕೂ ನೇರ ಬಸ್ಸಿದೆ ಎಂದು ಹೇಳಲಾಗದು. ಇಂಟರ್‌ನೆಟ್ ಬರುವುದು ಹೊರಗಿನ ದಾರಿಗೆ ಸಾಕ್ಷಿ. ಒಳಗಿನ ದಾರಿಗೆ ಅಲ್ಲ.

ಪರಿಹಾರ ಸುಲಭ. ಈಗಿನ ಹೆಚ್ಚಿನ ರೂಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆ ಇರುತ್ತದೆ. ಮೇಲಿನ ರೂಟರಿನಲ್ಲಿ ಅದನ್ನು ಆರಿಸಿದರೆ ಅದು ವಿಳಾಸ ಹಂಚುವ ಅಧಿಕಾರವನ್ನು ಕೆಳಗಿನದಕ್ಕೆ ಬಿಟ್ಟು, ವೈಫೈ ಹರಡುವ ಕೆಲಸ ಮಾತ್ರ ಮಾಡುತ್ತದೆ. ಲ್ಯಾಪ್‌ಟಾಪನ್ನು ಒಮ್ಮೆ ವೈಫೈಯಿಂದ ಬಿಡಿಸಿ ಮತ್ತೆ ಸೇರಿಸಿದರೆ 192.168.1 ಎಂದು ಆರಂಭವಾಗುವ ವಿಳಾಸ ಬರುತ್ತದೆ. ಒಂದು ಮಾತು: ಮೇಲಿನ ಅಂತಸ್ತಿನಲ್ಲಿ ಬಾಡಿಗೆದಾರರಿದ್ದರೆ ಹೀಗೆ ಮಾಡಬೇಡಿ. ಇಬ್ಬರ ಹಿತಕ್ಕೂ ಆ ಗೋಡೆ ಇರುವುದೇ ಒಳ್ಳೆಯದು.

ದಾರಿ ಕಡಿಯುವ ಇನ್ನೊಂದು ಕಾರಣ ‘ಗೆಸ್ಟ್’ ವೈಫೈ. ನೆಂಟರು ಬಂದಾಗ ಕೊಡಲೆಂದು ರೂಟರಿನಲ್ಲಿ ಬೇರೆ ಹೆಸರಿನ ವೈಫೈ ಇಡುವ ಸೌಲಭ್ಯವಿದೆ. ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಇತರ ಕಂಪ್ಯೂಟರುಗಳು ಸಿಗುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಮಕ್ಕಳು ಎಂದೋ ಒಮ್ಮೆ ಅದಕ್ಕೆ ಸೇರಿ, ಹಾಗೆಯೇ ಉಳಿದುಬಿಟ್ಟಿರುವುದುಂಟು. ಮುಖ್ಯ ವೈಫೈಗೆ ಸೇರಿಕೊಂಡರೆ ಸರಿಹೋಗುತ್ತದೆ.

ಕೂಗಿ ನೋಡುವುದು

ವಿಳಾಸಗಳು ಹೊಂದಿದ ಮೇಲೆ ಒಂದು ಕಂಪ್ಯೂಟರಿನಿಂದ ಇನ್ನೊಂದನ್ನು ಕೂಗಿ ನೋಡಬೇಕು. ಕಪ್ಪು ಪರದೆಯಲ್ಲಿ ‘ಪಿಂಗ್’ ಎಂಬ ಆಜ್ಞೆ ಬರೆದು, ಮುಂದೆ ಇನ್ನೊಂದರ ವಿಳಾಸ ಬರೆಯಿರಿ. ಅಮೆರಿಕದ ಮೈಕ್ ಮುಸ್ ಎಂಬ ವಿಜ್ಞಾನಿ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ತಂತ್ರಾಂಶ ಇದು. ಜಲಾಂತರ್ಗಾಮಿಗಳನ್ನು ಪತ್ತೆಮಾಡುವ ಸೋನಾರ್ ಹೊರಡಿಸುವ ಸದ್ದೇ ಅದರ ಹೆಸರಿಗೆ ಮೂಲ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವುದೂ ಹೀಗೆಯೇ: ಕೂಗು, ಪ್ರತಿಧ್ವನಿ, ನಡುವಿನ ಕಾಲ. ಪಿಂಗ್ ಆ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತದೆ.

ಉತ್ತರ ಬಂದರೆ ದಾರಿ ಇದೆ. ಬಾರದಿದ್ದರೆ? ಇಲ್ಲಿ ಅವಸರ ಬೇಡ. ಬಾಗಿಲು ತಟ್ಟಿದಾಗ ಯಾರೂ ಓಗೊಡಲಿಲ್ಲವೆಂದರೆ ಮನೆಯಲ್ಲಿ ಯಾರೂ ಇಲ್ಲವೆಂದೇ ಅಲ್ಲ. ಕಿಂಡಿಯಲ್ಲಿ ನೋಡಿ, ಅಪರಿಚಿತರೆಂದು ಸುಮ್ಮನಿದ್ದಿರಬಹುದು. ಫೈರ್‌ವಾಲ್ ಮಾಡುವುದು ಅದನ್ನೇ. ಆದ್ದರಿಂದ ಪಿಂಗ್ ಆದ ಕೂಡಲೇ ‘ಎಆರ್‌ಪಿ’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ‘ಎ’ ಬರೆಯಿರಿ. ಬರುವ ಪಟ್ಟಿಯಲ್ಲಿ ಇನ್ನೊಂದು ಕಂಪ್ಯೂಟರಿನ ವಿಳಾಸವೂ ಅದರ ಮುಂದೆ ಆರು ಜೋಡಿ ಅಕ್ಷರ ಅಂಕಿಗಳೂ ಇದ್ದರೆ, ಅದು ಜಾಲದಲ್ಲಿದೆ, ಮಾತಾಡುತ್ತಿಲ್ಲ ಅಷ್ಟೆ. ಸಾಕ್ಷ್ಯದ ಅಭಾವ ಬೇರೆ, ವಸ್ತುವಿನ ಅಭಾವ ಬೇರೆ. ವಿಜ್ಞಾನದಲ್ಲಿ ಈ ವ್ಯತ್ಯಾಸ ಬಲು ದೊಡ್ಡದು.

ಏಕೆ ಮಾತಾಡುತ್ತಿಲ್ಲ? ಬಹುಮಟ್ಟಿಗೆ ಕಾರಣ ಒಂದೇ. ಹೊಸ ಜಾಲಕ್ಕೆ ಸೇರಿದಾಗ ವಿಂಡೋಸ್ 11 ಅದನ್ನು ‘ಪಬ್ಲಿಕ್’, ಅಂದರೆ ಸಾರ್ವಜನಿಕ ಸ್ಥಳವೆಂದೇ ಎಣಿಸುತ್ತದೆ. ಮನೆಯ ಜಾಲವಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆ ವೈಫೈಯ ವಿವರಗಳಲ್ಲಿ ‘ಪ್ರೈವೇಟ್’ ಎಂದು ಬದಲಿಸಿ. ಅಲ್ಲಿಯೇ ಹಂಚಿಕೆಯ ಆಯ್ಕೆಗಳಲ್ಲಿ ‘ನೆಟ್‌ವರ್ಕ್ ಡಿಸ್ಕವರಿ’ ಹಾಗೂ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಪ್ರೈವೇಟ್ ಜಾಲಕ್ಕೆ ಮಾತ್ರ ಚಾಲೂ ಮಾಡಿ. ಇಷ್ಟು ಮಾಡಿದರೆ ಫೈರ್‌ವಾಲ್ ತನಗೆ ಬೇಕಾದ ಕಿಂಡಿಗಳನ್ನು ತಾನೇ ತೆರೆಯುತ್ತದೆ. ಅದನ್ನು ಆರಿಸುವ ಅಗತ್ಯವೇ ಇಲ್ಲ. ಕಾಲೇಜು, ಗ್ರಂಥಾಲಯಗಳ ವೈಫೈ ಮಾತ್ರ ‘ಪಬ್ಲಿಕ್’ ಆಗಿಯೇ ಇರಲಿ.

ಹೆಸರು, ಅನುಮತಿ

ಪಿಂಗ್‌ಗೆ ಉತ್ತರ ಬಂದರೂ ‘ನೆಟ್‌ವರ್ಕ್’ ಪಟ್ಟಿಯಲ್ಲಿ ಹೆಸರು ಕಾಣದಿರಬಹುದು. ಪಟ್ಟಿ ಎಂಬುದು ಬರಿಯ ಹಾಜರಿ ಪುಸ್ತಕ. ಹಾಜರಿ ಹಾಕದ ಹುಡುಗನೂ ತರಗತಿಯಲ್ಲಿ ಕೂತಿರಬಹುದು. ಕಡತಗಳನ್ನು ತೋರಿಸುವ ಕಿಟಕಿಯ ಮೇಲ್ಭಾಗದಲ್ಲಿ ಹಿಂದಕ್ಕೆ ಬಾಗಿದ ಎರಡು ಓರೆಗೆರೆ ಹಾಕಿ, ಮುಂದೆ ವಿಳಾಸ ಬರೆದು ಎಂಟರ್ ಒತ್ತಿ. ತೆರೆದುಕೊಂಡರೆ ಕೆಲಸವಾಯಿತು.

ಆಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕಂಪ್ಯೂಟರ್ ತೆರೆಯಲು ದಿನವೂ ಒತ್ತುವ ನಾಲ್ಕಂಕಿಯ ‘ಪಿನ್’ ಇಲ್ಲಿ ನಡೆಯದು. ಅದು ಆ ಯಂತ್ರದ ಎದುರು ಕೂತವರಿಗೆ ಮಾತ್ರ. ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಕೆಳಗಿನ ಕಂಪ್ಯೂಟರಿನಲ್ಲಿ ಮಗಳ ಹೆಸರಿನ ಒಂದು ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಆ ಖಾತೆಗೆ ಬೇಕಾದ ಒಂದು ಫೋಲ್ಡರನ್ನಷ್ಟೇ ಹಂಚಿ. ಇಡೀ ಸಿ ಡ್ರೈವ್ ಹಂಚುವುದು ಬೇಡ. ನೆರೆಮನೆಯವರಿಗೆ ಸಕ್ಕರೆ ಕೊಡಲು ಅಡುಗೆಮನೆಯ ಬೀಗದ ಕೈಯನ್ನೇ ಯಾರೂ ಕೊಡುವುದಿಲ್ಲ.

ಹಳೆಯ ಪುಸ್ತಕ, ಹಳೆಯ ವಿಡಿಯೋಗಳನ್ನು ನೋಡಿ ‘ಹೋಮ್‌ಗ್ರೂಪ್’ ಹುಡುಕುವವರೂ ಇದ್ದಾರೆ. ವಿಂಡೋಸ್ 7ರೊಂದಿಗೆ 2009ರಲ್ಲಿ ಬಂದ ಆ ಸೌಲಭ್ಯವನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಲಾಯಿತು. ಇಲ್ಲದ್ದನ್ನು ಹುಡುಕಿ ಸಮಯ ಕಳೆಯಬೇಡಿ.

ಹಾಗೇ ಬಿಟ್ಟರೆ ಏನಾಗುತ್ತದೆ?

ವಿಂಡೋಸ್ ಕಂಪ್ಯೂಟರುಗಳು ಕಡತ ಹಂಚಿಕೊಳ್ಳಲು ಬಳಸುವ ಭಾಷೆಯ ಹೆಸರು ಎಸ್‌ಎಂಬಿ. ಅದರ ಮೊದಲ ಆವೃತ್ತಿ 1980ರ ದಶಕದ್ದು. ಒಬ್ಬರನ್ನೊಬ್ಬರು ನಂಬುತ್ತಿದ್ದ ಕಾಲದ ಬಾಗಿಲು ಅದು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಆ ಬಾಗಿಲಿನ ದೋಷವೊಂದನ್ನು ಹಿಡಿದು ಒಳನುಗ್ಗಿತು. ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಜಾಲದ ಒಂದು ಕಂಪ್ಯೂಟರಿಗೆ ಹೊಕ್ಕರೆ ಸಾಕು, ದುರಸ್ತಿಯಾಗದ ಉಳಿದವಕ್ಕೂ ತಾನಾಗಿಯೇ ಹರಡಿ, ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳುತ್ತಿತ್ತು. ದೋಷಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಬಹಳ ಮಂದಿ ಇದ್ದರು.

ಪಾಲಕರೇ, ಫೈರ್‌ವಾಲ್ ಇಲ್ಲ, ಪಾಸ್‌ವರ್ಡ್ ಇಲ್ಲ, ಎಸ್‌ಎಂಬಿ 1 ಚಾಲೂ ಇದೆ ಎಂದರೆ ಅಜ್ಜ ಅಜ್ಜಿಯ ಫೋಟೋಗಳನ್ನೂ ಮಗಳ ವರ್ಷದ ದುಡಿಮೆಯನ್ನೂ ಬೀದಿಯ ಜಗುಲಿಯ ಮೇಲೆ ಇಟ್ಟಂತೆ. ವಿಂಡೋಸ್ 7 ಕೂಡ ಎಸ್‌ಎಂಬಿಯ ಎರಡನೇ ಆವೃತ್ತಿಯನ್ನು ಬಲ್ಲದು. ಆದ್ದರಿಂದ ಮೊದಲನೆಯದರ ಅಗತ್ಯ ಮನೆಗಳಲ್ಲಿ ಇಲ್ಲವೆಂದೇ ಹೇಳಬಹುದು. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ. ಇನ್ನೊಂದು ವಿಷಯ: ಹಂಚಿಕೊಳ್ಳುವುದು ಬೇರೆ, ನಕಲು ತೆಗೆದಿಡುವುದು ಬೇರೆ. ಫೋಟೋಗಳ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಬೀರುವಿನಲ್ಲಿಡಿ.

ವಿದ್ಯಾರ್ಥಿಗಳಿಗೆ ಈ ವಾರದ ಪ್ರಯೋಗ. ಮನೆಯ ಜಾಲದ ಒಂದು ನಕ್ಷೆ ಬರೆಯಿರಿ. ರೂಟರ್, ಕಂಪ್ಯೂಟರ್, ಪ್ರಿಂಟರ್, ಫೋನ್ ಎಲ್ಲ ಇರಲಿ. ಪ್ರತಿಯೊಂದರ ಪಕ್ಕ ಅದರ ವಿಳಾಸ ಬರೆಯಿರಿ. ನಂತರ ಪ್ರಯೋಗದ ರೆಕಾರ್ಡಿನಲ್ಲಿ ಬರೆಯುವಂತೆಯೇ ಉದ್ದೇಶ, ವಿಧಾನ, ವೀಕ್ಷಣೆ, ನಿರ್ಣಯ ಎಂದು ಬರೆಯಿರಿ. ರೂಟರಿನ ಹತ್ತಿರದಿಂದ, ಎರಡು ಗೋಡೆಗಳ ಆಚೆಯಿಂದ, ಮೇಲಿನ ಅಂತಸ್ತಿನಿಂದ ಪಿಂಗ್ ಮಾಡಿ ಕಾಲವನ್ನು ಹೋಲಿಸಿ. ಹತ್ತು ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ; ಒಂದೇ ಅಳತೆಯನ್ನು ನಂಬಬೇಡಿ. ಬರೆದ ಹಾಳೆಯನ್ನು ರೂಟರಿನ ಪಕ್ಕದ ಗೋಡೆಗೆ ಅಂಟಿಸಿ. ಮುಂದೆ ಏನಾದರೂ ಕೆಟ್ಟಾಗ, ಯಾರನ್ನು ಕರೆಯುವುದೆಂದು ಯೋಚಿಸುವ ಮೊದಲು ಮನೆಯವರೆಲ್ಲ ಆ ಹಾಳೆಯನ್ನು ನೋಡುವಂತಾಗಲಿ.