ಪದವಿ ಕೊಟ್ಟೆವು, ಸ್ಥಾನ ಕೊಟ್ಟೆವೇ?

1976ರ ಆಗಸ್ಟ್ 27ರಂದು ಭಾರತೀಯ ಸೇನೆಯಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಮೇಜರ್ ಜನರಲ್ ಹುದ್ದೆಗೇರಿದರು. ಅವರ ಹೆಸರು ಗರ್ಟ್ರೂಡ್ ಅಲೈಸ್ ರಾಮ್. ಅವರು ರಣರಂಗದಲ್ಲಿ ದಳ ನಡೆಸಿದವರಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ಗಾಯಾಳುಗಳ ನಡುವೆ ವೃತ್ತಿಜೀವನ ಸವೆಸಿ ಸೇನಾ ಶುಶ್ರೂಷಾ ಸೇವೆಯ ಮುಖ್ಯಸ್ಥೆಯಾದವರು. ಅಂದಿನ ಪರಿಭಾಷೆಯಲ್ಲಿ ಆ ಹುದ್ದೆಯ ಹೆಸರು ‘ಮೇಟ್ರನ್ ಇನ್ ಚೀಫ್’. ಸರ್ಕಾರ ಅವರಿಗೆ ಪರಮ ವಿಶಿಷ್ಟ ಸೇವಾ ಪದಕ ನೀಡಿ ಗೌರವಿಸಿತು. ಸುಮಾರು ಅರ್ಧ ಶತಮಾನದ ಹಿಂದಿನ ಆ ಬಡ್ತಿ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲಾಗಿ ಉಳಿದಿದೆ. ಆ ಸಾಲಿನಾಚೆಗೆ ಅವರ ಸೇವೆಯನ್ನು ನಾವು ಹೇಗೆ ನಡೆಸಿಕೊಂಡೆವು ಎಂಬ ಪ್ರಶ್ನೆ ಕೇಳಿದವರು ವಿರಳ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಮೆರಿಕದ ಸೇನೆಯಲ್ಲಿ ಮಹಿಳೆಯೊಬ್ಬರು ಮೊದಲು ಜನರಲ್ ಶ್ರೇಣಿ ತಲುಪಿದ್ದು 1970ರ ಜೂನ್‌ನಲ್ಲಿ. ಆಕೆ ಅನ್ನಾ ಮೇ ಹೇಸ್, ವೃತ್ತಿಯಿಂದ ದಾದಿ. ಫ್ರಾನ್ಸಿನಲ್ಲಿ ಈ ಗೌರವ 1976ರ ಏಪ್ರಿಲ್‌ನಲ್ಲಿ ಸಂದದ್ದು ಸೇನಾ ವೈದ್ಯೆ ವಾಲೆರಿ ಆಂದ್ರೆ ಅವರಿಗೆ. ನಾಲ್ಕು ತಿಂಗಳ ತರುವಾಯ ಭಾರತದ ಸರದಿ. ಮೂರೂ ದೇಶಗಳಲ್ಲಿ ಸೇನೆಯ ಉನ್ನತ ಶ್ರೇಣಿಯ ಬಾಗಿಲು ಹೆಣ್ಣಿಗೆ ತೆರೆದದ್ದು ಆಸ್ಪತ್ರೆಯ ಕಡೆಯಿಂದಲೇ. ನಮ್ಮ ಸೇನೆಯ ಇತರ ವಿಭಾಗಗಳು ಮಹಿಳಾ ಅಧಿಕಾರಿಗಳಿಗೆ ತೆರೆದುಕೊಂಡದ್ದು 1992ರಲ್ಲಿ. ಅಲ್ಲಿಯವರೆಗೆ ಸಮವಸ್ತ್ರ ತೊಟ್ಟ ಹೆಣ್ಣೆಂದರೆ ಒಂದೋ ವೈದ್ಯೆ, ಇಲ್ಲವೇ ದಾದಿ.

ನಾನು ವಾಸವಾಗಿರುವುದು ಮಂಡ್ಯದ ಗುತ್ತಲಿನಲ್ಲಿ. ಈ ಜಿಲ್ಲೆ ಸೈನಿಕರನ್ನು ಗೌರವಿಸಲು ಯಾರಿಂದಲೂ ಕಲಿಯಬೇಕಾಗಿಲ್ಲ. 2019ರ ಫೆಬ್ರುವರಿ 14ರಂದು ಪುಲ್ವಾಮದಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಎಚ್. ಗುರು ಹುತಾತ್ಮರಾದಾಗ ಇಡೀ ಜಿಲ್ಲೆ ಕಣ್ಣೀರು ಹಾಕಿತು. ಅದು ಸಹಜ, ಅದು ನ್ಯಾಯ. ಆದರೆ ಮಡಿದವರನ್ನು ನೆನೆಯುವ ನಾವು, ಮಡಿಯಬೇಕಿದ್ದವರನ್ನು ಬದುಕಿಸಿ ಮನೆಗೆ ಕಳುಹಿಸಿದವರನ್ನು ನೆನೆಯುವುದಿಲ್ಲ. ಬದುಕಿ ಬಂದವನ ಊರಿನಲ್ಲಿ ಮೆರವಣಿಗೆಯಿಲ್ಲ. ಅವನನ್ನು ಬದುಕಿಸಿದವರ ಹೆಸರು ಅವನಿಗೇ ತಿಳಿದಿರುವುದಿಲ್ಲ. ಸೇನಾ ಆಸ್ಪತ್ರೆಯಲ್ಲಿ ಅವರೆಲ್ಲರೂ ‘ಸಿಸ್ಟರ್’. ಹೆಗಲ ಮೇಲೆ ಕ್ಯಾಪ್ಟನ್ನಿನ ನಕ್ಷತ್ರಗಳಿದ್ದರೂ ಸಿಸ್ಟರ್, ಕರ್ನಲ್ ಆದರೂ ಸಿಸ್ಟರ್.

ಆ ಕೆಲಸದ ಬೆಲೆ ಎಷ್ಟು? ಅರ್ಥಶಾಸ್ತ್ರ ಓದಿದ ನನಗೆ ಈ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ. ಇದಕ್ಕೆ ಮೊದಲು ಅಂಕಿಗಳಲ್ಲಿ ಉತ್ತರ ಹುಡುಕಿದವರು ಫ್ಲಾರೆನ್ಸ್ ನೈಟಿಂಗೇಲ್. ಅವರನ್ನು ನಾವು ‘ದೀಪಧಾರಿಣಿ’ ಎಂದು ಕರೆದು ಸುಮ್ಮನಾಗಿದ್ದೇವೆ. ವಾಸ್ತವದಲ್ಲಿ ಅವರು ಲೆಕ್ಕದ ಪುಸ್ತಕವನ್ನು ದೀಪದಷ್ಟೇ ಗಟ್ಟಿಯಾಗಿ ಹಿಡಿದವರು. ಕ್ರಿಮಿಯಾ ಯುದ್ಧದಲ್ಲಿ ಗುಂಡೇಟಿಗಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು ಎಂಬುದನ್ನು ಅವರು ನಕ್ಷೆ ಬರೆದು ತೋರಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಮರಣ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 69 ಇದೆಯೆಂದು 1863ರ ರಾಯಲ್ ಆಯೋಗದ ವರದಿ ಹೇಳಿತ್ತು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿದಿದೆಯೆಂದು ನೈಟಿಂಗೇಲ್ 1873ರಲ್ಲಿ ತಿಳಿಸಿದರು. ಶುದ್ಧ ನೀರು, ಚರಂಡಿ, ಗಾಳಿಬೆಳಕಿನ ಕೊಠಡಿ, ಆರೈಕೆ ಇವೇ ಆ ಇಳಿಕೆಯ ಹಿಂದಿನ ಸಾಧನಗಳು. ಯಾವ ಸೇನಾಪತಿಯೂ ಯಾವ ಯುದ್ಧದಲ್ಲೂ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಸೈನಿಕರನ್ನು ಉಳಿಸಿದ ನಿದರ್ಶನ ನನಗೆ ಕಂಡಿಲ್ಲ.

ಭಾರತದಲ್ಲಿ ಸೇನಾ ಶುಶ್ರೂಷೆ ಒಂದು ಸಂಘಟಿತ ಸೇವೆಯಾಗಿ ಆರಂಭವಾದದ್ದು 1888ರಲ್ಲಿ. ಕ್ಯಾಥರೀನ್ ಗ್ರೇಸ್ ಲಾಕ್ ಅವರ ನೇತೃತ್ವದ ಹತ್ತು ಮಂದಿ ಬ್ರಿಟಿಷ್ ದಾದಿಯರು ಆ ವರ್ಷ ಬೊಂಬಾಯಿಯಲ್ಲಿ ಹಡಗಿನಿಂದ ಇಳಿದರು. 1926ರಲ್ಲಿ ಭಾರತೀಯ ಸೇನಾ ಶುಶ್ರೂಷಾ ಸೇವೆ ರೂಪುಗೊಂಡಿತು. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ, 1943ರಲ್ಲಿ, ಬ್ರಿಟಿಷ್ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿ ಈ ಸೇವೆಯನ್ನು ಸಶಸ್ತ್ರ ಪಡೆಗಳ ಭಾಗವಾದ ‘ಸಹಾಯಕ ಪಡೆ’ ಎಂದು ಘೋಷಿಸಿತು. ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು, 1950ರಲ್ಲಿ ಹೊಸ ಸೇನಾ ಕಾಯ್ದೆಯೂ ಬಂದಿತು. ಆದರೆ ದಾದಿಯರ ಸೇವೆಗೆ ಆಧಾರವಾಗಿ ಉಳಿದದ್ದು ಆ ಯುದ್ಧಕಾಲದ ಸುಗ್ರೀವಾಜ್ಞೆಯೇ. ‘ಭಾಗ’ ಎಂಬ ಪದವನ್ನೂ ‘ಸಹಾಯಕ’ ಎಂಬ ಪದವನ್ನೂ ಒಂದೇ ವಾಕ್ಯದಲ್ಲಿ ಇಟ್ಟರೆ, ಅನುಕೂಲಕ್ಕೆ ತಕ್ಕಂತೆ ಯಾವುದನ್ನು ಬೇಕಾದರೂ ಎತ್ತಿ ಹಿಡಿಯಬಹುದು. ಕಡತಗಳ ನಡುವೆ ಮೂರು ದಶಕ ಕಳೆದ ನಾನು ಇಂಥ ಪದಗಳ ಶಕ್ತಿಯನ್ನು ಬಲ್ಲೆ. ಹಬ್ಬದ ದಿನ ‘ನೀವು ನಮ್ಮವರು’ ಎನ್ನುವ ವ್ಯವಸ್ಥೆ, ಸೌಲಭ್ಯ ಕೇಳಿದ ದಿನ ‘ನೀವು ಸಹಾಯಕರು’ ಎನ್ನುತ್ತದೆ.

ಈ ದ್ವಂದ್ವ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರ ಪ್ರಕರಣವೇ ಸಾಕ್ಷಿ. ಗರ್ಟ್ರೂಡ್ ರಾಮ್ ಮೇಜರ್ ಜನರಲ್ ಆದ ಮರುವರ್ಷ, ಅಂದರೆ 1977ರಲ್ಲಿ, ಸೇನೆ 61ನೆಯ ಸಂಖ್ಯೆಯ ಒಂದು ಆದೇಶ ಹೊರಡಿಸಿತು. ಶುಶ್ರೂಷಾ ಸೇವೆಯ ಅಧಿಕಾರಿಯನ್ನು ಯಾವ ಕಾರಣಗಳಿಗಾಗಿ ಸೇವೆಯಿಂದ ಬಿಡುಗಡೆ ಮಾಡಬಹುದು ಎಂಬ ಪಟ್ಟಿ ಅದರಲ್ಲಿತ್ತು. ವೈದ್ಯಕೀಯ ಮಂಡಳಿ ಅಸಮರ್ಥಳೆಂದು ಹೇಳಿದರೆ, ದುರ್ನಡತೆ ತೋರಿದರೆ, ಇವೆರಡರ ನಡುವೆ, ಮದುವೆಯಾದರೆ! ರೋಗಕ್ಕೂ ದುರ್ನಡತೆಗೂ ನಡುವೆ ಮದುವೆಯನ್ನು ಇಟ್ಟ ಆ ಪಟ್ಟಿಯ ಬಗ್ಗೆ ಹೆಚ್ಚಿನ ವ್ಯಾಖ್ಯಾನ ಅಗತ್ಯವಿಲ್ಲ. ಸಿಕಂದರಾಬಾದಿನ ಸೇನಾ ಆಸ್ಪತ್ರೆಯಲ್ಲಿದ್ದ ಸೆಲಿನಾ ಜಾನ್ 1988ರಲ್ಲಿ ಸೇನಾಧಿಕಾರಿಯೊಬ್ಬರನ್ನೇ ವಿವಾಹವಾದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಅವರ ಅಹವಾಲನ್ನೂ ಕೇಳದೆ, ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಪತಿ ಸೇನೆಯಲ್ಲಿ ಮುಂದುವರಿಯಲು ಮದುವೆ ಅಡ್ಡಿಯಾಗಲಿಲ್ಲ.

1988ರಲ್ಲಿ ನಾನು ಸರ್ಕಾರಿ ಸೇವೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆ ದಶಕದಲ್ಲಿಯೇ ನನ್ನ ಮದುವೆಯೂ ನಡೆಯಿತು. ಕಚೇರಿಯಲ್ಲಿ ಸಿಹಿ ಹಂಚಲಾಯಿತು, ರಜೆ ಮಂಜೂರಾಯಿತು, ಸೇವಾ ಪುಸ್ತಕದಲ್ಲಿ ನಾಮನಿರ್ದೇಶನದ ಕಾಲಂ ತುಂಬಲಾಯಿತು. ನನ್ನ ಮಟ್ಟಿಗೆ ಮದುವೆಯ ಆಡಳಿತಾತ್ಮಕ ಪರಿಣಾಮ ಇಷ್ಟೇ. ಅದೇ ಘಟನೆ, ಅದೇ ಗಣರಾಜ್ಯ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ನೌಕರಿ ನಷ್ಟ.

ಇದು ತಿಳಿಯದೆ ಆದ ಲೋಪ ಎನ್ನುವಂತೆಯೂ ಇಲ್ಲ. ವಿರಾಜಪೇಟೆಯಲ್ಲಿ ಹುಟ್ಟಿದ, ಭಾರತೀಯ ವಿದೇಶಾಂಗ ಸೇವೆಯ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿದ್ದರು. ವಿದೇಶಾಂಗ ಸೇವೆಯ ಮಹಿಳೆ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು, ಮದುವೆಯ ನಂತರ ಅಗತ್ಯಬಿದ್ದರೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಆಗ ಇತ್ತು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೀಡಿದ ತೀರ್ಪು ಮುತ್ತಮ್ಮನವರ ಒಂದು ಬಡ್ತಿಯ ವಿಚಾರಕ್ಕೆ ಸೀಮಿತವಾಗಲಿಲ್ಲ. ಯಾರಾದರೂ ಅರ್ಜಿ ಹಾಕಲಿ ಎಂದು ಕಾಯದೆ, ಲಿಂಗ ತಾರತಮ್ಯದ ಕಳಂಕ ಹೊತ್ತ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕು ಎಂಬುದು ಸರ್ಕಾರಕ್ಕೆ ಅದು ಹೇಳಿದ ಮಾತಿನ ಸಾರ. ಕೊಡಗಿನ ಹೆಣ್ಣುಮಗಳೊಬ್ಬಳು ಗಳಿಸಿಕೊಟ್ಟ ಈ ಮಾತು ಒಂಬತ್ತು ವರ್ಷ ಕಳೆದರೂ ಸಿಕಂದರಾಬಾದಿನ ಆಸ್ಪತ್ರೆಯನ್ನು ತಲುಪಿರಲಿಲ್ಲ. 1977ರ ಆದೇಶವನ್ನು ಹಿಂಪಡೆದದ್ದು 1995ರಲ್ಲಿ. ಸೆಲಿನಾ ಜಾನ್ ಪರವಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ತೀರ್ಪಿತ್ತದ್ದು 2016ರಲ್ಲಿ. ಸರ್ಕಾರ ಅದನ್ನೂ ಒಪ್ಪದೆ ಮೇಲ್ಮನವಿ ಹೋಯಿತು. ಕೊನೆಗೆ 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಮೇಲ್ನೋಟಕ್ಕೇ ಸ್ವೇಚ್ಛೆಯದು, ಮದುವೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದು ಲಿಂಗ ತಾರತಮ್ಯದ ಒರಟು ರೂಪ ಎಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಬಿಡುಗಡೆಗೂ ಪರಿಹಾರಕ್ಕೂ ನಡುವೆ ಮೂವತ್ತೈದು ವರ್ಷಗಳ ಅಂತರ. ಒಬ್ಬ ಅಧಿಕಾರಿಯ ಪೂರ್ಣ ಸೇವಾವಧಿಯೇ ಅದರಲ್ಲಿ ಮುಗಿದುಹೋಗುತ್ತದೆ. ಆ ವರ್ಷಗಳಲ್ಲಿ ಅವರು ಏರಬಹುದಾಗಿದ್ದ ಪದವಿಗಳನ್ನು ಯಾವ ಮೊತ್ತವೂ ಕೊಡಲಾರದು.

ಹಾಗೆ ನೋಡಿದರೆ ಪ್ರಶ್ನೆ ಮದುವೆಯದಷ್ಟೇ ಅಲ್ಲ. ಸೇನಾ ಶುಶ್ರೂಷಾ ಸೇವೆಯಲ್ಲಿ ದುಡಿದು ಬಂದವರು ‘ಮಾಜಿ ಸೈನಿಕ’ರೋ ಅಲ್ಲವೋ ಎಂಬ ವಿವಾದವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಪಂಜಾಬಿನ ನೇಮಕಾತಿಯೊಂದರ ಸಂಬಂಧದಲ್ಲಿ, ಅವರು ಮಾಜಿ ಸೈನಿಕರ ಮೀಸಲಾತಿಗೆ ಅರ್ಹರು ಎಂದು 2024ರಲ್ಲಿ ನ್ಯಾಯಾಲಯ ಹೇಳಿತು. ಸಮವಸ್ತ್ರ ತೊಟ್ಟು, ರಾಷ್ಟ್ರಪತಿಗಳ ಹೆಸರಿನಲ್ಲಿ ಕಮಿಷನ್ ಪಡೆದು, ಶ್ರೀನಗರದ 92 ಬೇಸ್ ಆಸ್ಪತ್ರೆಯಂಥ ಕಡೆಗಳಲ್ಲಿ 1999ರ ಕಾರ್ಗಿಲ್ ಗಾಯಾಳುಗಳನ್ನು ಆರೈಕೆ ಮಾಡಿದ ಸೇವೆಗೆ ಈ ಪ್ರಮಾಣಪತ್ರ ನ್ಯಾಯಾಲಯದಿಂದ ದೊರೆಯಬೇಕಾಯಿತು ಎಂಬುದೇ ವಿಷಾದದ ಸಂಗತಿ.

ಇದರ ಇನ್ನೊಂದು ಮುಖವನ್ನು ತೋರಿಸಿದ್ದು ನಮ್ಮದೇ ಹೈಕೋರ್ಟು. 1943ರ ಸುಗ್ರೀವಾಜ್ಞೆ ಈ ಸೇವೆಯನ್ನು ಮಹಿಳೆಯರಿಗೆ ಮಾತ್ರ ಮೀಸಲಿಟ್ಟಿದೆ. ಶುಶ್ರೂಷೆಯ ಪದವಿ ಪಡೆದ ಪುರುಷರು ಇದನ್ನು ಪ್ರಶ್ನಿಸಿದಾಗ, ಧಾರವಾಡ ಪೀಠದ ಏಕಸದಸ್ಯ ನ್ಯಾಯಮೂರ್ತಿಗಳು 2024ರ ಜನವರಿಯಲ್ಲಿ ಆ ನಿರ್ಬಂಧ ಸಂವಿಧಾನಬಾಹಿರ ಎಂದು ತೀರ್ಪಿತ್ತರು. ಮಹಿಳೆಯರ ಅವಕಾಶ ಕಿರಿದಾಗುತ್ತದೆಂದು ಕೆಲವರು ಆತಂಕಪಡಬಹುದು. ನನಗೆ ಹಾಗೆನ್ನಿಸುವುದಿಲ್ಲ. ಆರೈಕೆ ಹೆಣ್ಣಿನ ಹುಟ್ಟುಗುಣ ಎಂದು ನಂಬಿರುವವರೆಗೆ ಅದು ಕಲಿತು ಗಳಿಸಿದ ವಿದ್ಯೆಯಾಗಿ ಕಾಣುವುದಿಲ್ಲ. ವಿದ್ಯೆಯಾಗಿ ಕಾಣದ ಕೆಲಸಕ್ಕೆ ತಕ್ಕ ಬೆಲೆಯೂ ಬರುವುದಿಲ್ಲ. ‘ಮಮತೆ’ ಎಂದು ಹೊಗಳಿ ಕೂಲಿ ಕಡಿಮೆ ಮಾಡುವುದು ಮನೆಯಲ್ಲೂ ಮಾರುಕಟ್ಟೆಯಲ್ಲೂ ನಡೆದುಬಂದ ಹಳೆಯ ವ್ಯವಹಾರ.

ಬಡ್ತಿಯ ಏಣಿಯನ್ನೇ ನೋಡಿ. ಸೇನಾ ವೈದ್ಯೆಯರು ಮುಂದೆ ಸಾಗಿದ್ದಾರೆ. 2004ರಲ್ಲಿ ಪುನೀತಾ ಅರೋರಾ ಲೆಫ್ಟಿನೆಂಟ್ ಜನರಲ್ ಆದರು. 2024ರಲ್ಲಿ ಆರತಿ ಸರೀನ್ ಸಶಸ್ತ್ರ ಪಡೆಗಳ ಇಡೀ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿಯಾದರು. ಇದು ಸಂತೋಷದ ವಿಷಯ. ಆದರೆ ಶುಶ್ರೂಷಾ ಸೇವೆಗೆ 1976ರಲ್ಲಿ ಗರ್ಟ್ರೂಡ್ ರಾಮ್ ತಲುಪಿದ ಮೇಜರ್ ಜನರಲ್ ಪದವಿಯೇ ಇಂದಿಗೂ ಕೊನೆಯ ಮೆಟ್ಟಿಲು. ಅಂದು ದಾಖಲೆಯಾಗಿದ್ದದ್ದು ಇಂದು ಮಿತಿಯಾಗಿದೆ.

ಮಂಡ್ಯದಲ್ಲಿ ಕುಳಿತು ಇದನ್ನು ಬರೆಯಲು ಕಾರಣವಿದೆ. 2023ರ ನವೆಂಬರ್‌ನಲ್ಲಿ ಈ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲ ಬಯಲಾಯಿತು. ಕಬ್ಬು ಬೆಲ್ಲವಾಗುವ ಜಾಗದಲ್ಲಿ ಹೆಣ್ಣುಕೂಸಿನ ಹಣೆಬರಹ ತೀರ್ಮಾನವಾಗುತ್ತಿತ್ತು. ಹೆಣ್ಣು ಹೊರೆ ಎಂಬ ಲೆಕ್ಕವನ್ನು ಭಾಷಣಗಳು ಬದಲಿಸಲಾರವು. ಬೇರೆಯ ಲೆಕ್ಕವೇ ಬೇಕು. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯ ಕಾಲೇಜೂ ಸೇರಿದಂತೆ ದೇಶದ ಆರು ಸೇನಾ ಶುಶ್ರೂಷಾ ಕಾಲೇಜುಗಳಲ್ಲಿ ಪಿಯುಸಿ ವಿಜ್ಞಾನ ಓದಿದ ಹುಡುಗಿಯರಿಗೆ ಸರ್ಕಾರಿ ವೆಚ್ಚದಲ್ಲಿ ನಾಲ್ಕು ವರ್ಷಗಳ ಬಿಎಸ್ಸಿ ಪದವಿ, ಕೊನೆಗೆ ಅಧಿಕಾರಿಯಾಗಿ ಕಮಿಷನ್ ದೊರೆಯುತ್ತದೆ. ಗದ್ದೆಯ ಸಾಲ ತೀರಿಸಲು ಹೆಣಗುವ ಮನೆಗೆ ಇದರ ಅರ್ಥ ದೊಡ್ಡದು. ನಮ್ಮ ಬಡಾವಣೆಯಲ್ಲಿ ತಂದೆಯೊಬ್ಬರಿಗೆ ನಾನು ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಕೊನೇವರೆಗೂ ಕೆಲಸ ಗಟ್ಟಿ ತಾನೇ ಸ್ವಾಮಿ?” ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಉತ್ತರ ಕೊಡಬೇಕಾದದ್ದು ಸರ್ಕಾರ.

ಆ ಉತ್ತರ ಪದಕಗಳ ರೂಪದಲ್ಲಿ ಬಂದರೆ ಸಾಲದು. 1943ರ ಸುಗ್ರೀವಾಜ್ಞೆಯ ಜಾಗದಲ್ಲಿ ಸಂಸತ್ತು ಒಂದು ಸ್ಪಷ್ಟ ಕಾಯ್ದೆ ತರಬೇಕು. ‘ಸಹಾಯಕ’ ಎಂಬ ಪದವನ್ನು ಬಿಟ್ಟು, ಶ್ರೇಣಿ, ಬಡ್ತಿ ಮತ್ತು ನಿವೃತ್ತಿ ಸೌಲಭ್ಯಗಳಲ್ಲಿ ಇತರ ಅಧಿಕಾರಿಗಳಿಗಿರುವ ಸ್ಥಾನವನ್ನೇ ಅದು ಬರಹದಲ್ಲಿ ಕೊಡಬೇಕು. ಪಂಜಾಬಿನ ಪ್ರಕರಣದ ತರುವಾಯ, ಈ ಸೇವೆಯಿಂದ ನಿವೃತ್ತರಾದವರು ಮಾಜಿ ಸೈನಿಕರೇ ಎಂದು ಕರ್ನಾಟಕ ಸರ್ಕಾರ ಸಂಶಯಕ್ಕೆ ಎಡೆಯಿಲ್ಲದಂತೆ ಸುತ್ತೋಲೆ ಹೊರಡಿಸಬೇಕು. ನಮ್ಮ ಹೆಣ್ಣುಮಕ್ಕಳೊಬ್ಬರೂ ಇದಕ್ಕಾಗಿ ದೆಹಲಿಯವರೆಗೆ ಅಲೆಯಬಾರದು. ಇದರ ಖರ್ಚು ಬೊಕ್ಕಸಕ್ಕೆ ಹೊರೆಯಾಗುವಂಥದಲ್ಲ. ಬೇಕಾಗಿರುವುದು ಕೆಲವು ಪುಟಗಳ ಕಾನೂನು, ಒಂದು ಸುತ್ತೋಲೆ, ಅವಕ್ಕೆ ಬೀಳಬೇಕಾದ ಸಹಿ. ಗರ್ಟ್ರೂಡ್ ರಾಮ್ ಅವರ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ದೇಶ, ಅವರು ಮುನ್ನಡೆಸಿದ ಸೇವೆಗೆ ಇಷ್ಟನ್ನಾದರೂ ಸಲ್ಲಿಸಬೇಕು.