ತಾಳವಾಡಿಯ ಕನ್ನಡ ಶಾಲೆಗಳಿಗೆ ಉಪಕರಣಕ್ಕಿಂತ ಮೊದಲು ಉಪಾಧ್ಯಾಯರು ಬೇಕು

ಗಣಕಯಂತ್ರವಾಗಲಿ ಮೊಬೈಲಾಗಲಿ ಸಮಾಜದ ಅಸಮಾನತೆಯನ್ನು ತಾನಾಗಿಯೇ ಅಳಿಸುವುದಿಲ್ಲ, ಅದು ಕೈಸೇರಿದ ಕಡೆ ಮೊದಲೇ ಇದ್ದ ಬಲವನ್ನೂ ಕೊರತೆಯನ್ನೂ ಹಿಗ್ಗಿಸುತ್ತದೆ ಎಂಬುದು ಕೆಂಟಾರೊ ಟೊಯಾಮಾ ಅವರ ಸಂಶೋಧನೆಯ ತಿರುಳು. ಇದನ್ನು ಅವರು ವರ್ಧನ ನಿಯಮವೆಂದು ಕರೆದರು. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಮುಂದೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅವರು, ಹಳ್ಳಿಯ ಶಾಲೆಗಳಲ್ಲಿ ಒಂದೇ ಗಣಕಯಂತ್ರದ ಸುತ್ತ ಹಲವು ಮಕ್ಕಳು ನೆರೆದಾಗ ಮೌಸ್ ಸಾಮಾನ್ಯವಾಗಿ ಮೇಲ್ಜಾತಿಯ ಹುಡುಗನೊಬ್ಬನ ಕೈಯಲ್ಲೇ ಉಳಿಯುತ್ತಿದ್ದುದನ್ನು ಕಂಡರು. ಪ್ರತಿ ಮಗುವಿಗೂ ಒಂದೊಂದು ಮೌಸ್ ಜೋಡಿಸುವ ವಿಧಾನವನ್ನು ಅವರ ತಂಡ ರೂಪಿಸಿತಾದರೂ, ಕಲಿಸುವ ವ್ಯವಸ್ಥೆಯೇ ಬಡವಾಗಿರುವ ಶಾಲೆಯನ್ನು ಯಾವ ಯಂತ್ರವೂ ಮೇಲೆತ್ತಲಾರದೆಂದು ಅವರೇ 2015ರ ‘ಗೀಕ್ ಹೆರೆಸಿ’ ಗ್ರಂಥದಲ್ಲಿ ವಾದಿಸಿದರು.

ಈ ಮಾತು ತಮಿಳುನಾಡಿನ ತಾಳವಾಡಿ ಬೆಟ್ಟಕ್ಕೆ ನೇರವಾಗಿ ಅನ್ವಯಿಸುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿದರೂ ಕನ್ನಡ ನುಡಿಯುವ ಈ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಚಾಮರಾಜನಗರ ಕೈಯಳತೆಯಲ್ಲಿದ್ದರೂ ಜಿಲ್ಲಾಡಳಿತವಿರುವ ಈರೋಡಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದೇ ಹೋಗಬೇಕು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ತಮಿಳುನಾಡಿನ ‘ಕಲ್ವಿ’ ದೂರದರ್ಶನ ವಾಹಿನಿಯ ಪಾಠಗಳು ಮುಖ್ಯವಾಗಿ ತಮಿಳಿನಲ್ಲಿ ಬಂದವು. ಚಂದನ ವಾಹಿನಿಯ ಪಾಠಗಳು ಕನ್ನಡದಲ್ಲಿದ್ದರೂ ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸುತ್ತಿದ್ದುದರಿಂದ, ತಮಿಳುನಾಡು ಸರ್ಕಾರ ಮುದ್ರಿಸಿದ ಕನ್ನಡ ಪಠ್ಯಪುಸ್ತಕ ಹಿಡಿದ ಮಗುವಿಗೆ ಎರಡೂ ಪೂರ್ತಿಯಾಗಿ ಹೊಂದುವಂತಿರಲಿಲ್ಲ. ಒಂದರಲ್ಲಿ ಭಾಷೆ ತನ್ನದಲ್ಲ, ಇನ್ನೊಂದರಲ್ಲಿ ಪುಸ್ತಕ ತನ್ನದಲ್ಲ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಮಾತ್ರಕ್ಕೆ ಓದು ನಡೆಯುವುದೂ ಇಲ್ಲ. ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ ಮತ್ತು ಸಂಗಡಿಗರು 2021ರ ಆಗಸ್ಟ್‌ನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ಶೇ. 8 ಮಾತ್ರ, ಶೇ. 37ರಷ್ಟು ಮಕ್ಕಳು ಏನನ್ನೂ ಓದುತ್ತಿರಲಿಲ್ಲ. ದುಡಿಯಲು ಹೋಗುವ ಹಿರಿಯರ ಜೊತೆಗೆ ಫೋನೂ ಹೋಗುತ್ತಿದ್ದುದು ಅದಕ್ಕೊಂದು ಕಾರಣ. ಇಲ್ಲಿನ ಸೋಲಿಗ, ಊರಾಳಿ ಬುಡಕಟ್ಟುಗಳ ಮಕ್ಕಳಿಗೆ ಈ ಕೊರತೆ ಇಮ್ಮಡಿ, ಏಕೆಂದರೆ ಅವರ ಮನೆಮಾತಿಗೂ ಶಾಲೆಯ ಭಾಷೆಗೂ ನಡುವೆ ಇನ್ನೊಂದು ಅಂತರವಿದೆ.

ತಮಿಳು ಕಲಿಕೆಗೆ ಈ ವಾದ ಎದುರಾದುದಲ್ಲ. ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಸಂವಿಧಾನದ 350ಎ ವಿಧಿ, ಅಂದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯಗಳು ಶ್ರಮಿಸಬೇಕೆನ್ನುವ ವಿಧಿ, ಪರದೆಯ ಮೇಲಿನ ಪಾಠಕ್ಕೂ ಅನ್ವಯವಾಗಬೇಕು. ಕನ್ನಡ ಬಲ್ಲ ಶಿಕ್ಷಕರಿಲ್ಲದ ಕೊಠಡಿಯಲ್ಲಿ ಸ್ಮಾರ್ಟ್ ಬೋರ್ಡ್ ತೂಗುಹಾಕುವುದು ಸುಧಾರಣೆಯಲ್ಲ.

ಆದುದರಿಂದ ಪೋಷಕರೂ ಗ್ರಾಮಸ್ಥರೂ ಶಾಲಾ ನಿರ್ವಹಣಾ ಸಮಿತಿಯಲ್ಲಿ, ಆಗಸ್ಟ್ 15 ಮತ್ತು ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳನ್ನು ಲಿಖಿತ ನಿರ್ಣಯವಾಗಿ ಮಂಡಿಸಬೇಕೆಂದು ವಿನಂತಿ: ಖಾಲಿ ಇರುವ ಕನ್ನಡ ಮಾಧ್ಯಮ ಶಿಕ್ಷಕರ ಹುದ್ದೆಗಳನ್ನು ಮೊದಲು ತುಂಬಬೇಕು, ರಾಜ್ಯದ ಕನ್ನಡ ಪಠ್ಯಪುಸ್ತಕಕ್ಕೆ ಸರಿಹೊಂದುವ ದೃಶ್ಯಪಾಠಗಳನ್ನು ಸಿದ್ಧಪಡಿಸಿ, ಸಿಗ್ನಲ್ ಸಿಗದ ಪೋಡುಗಳಲ್ಲೂ (ಬುಡಕಟ್ಟು ಹಾಡಿಗಳಲ್ಲೂ) ತೋರಿಸಲು ಬರುವಂತೆ ಪೆನ್‌ಡ್ರೈವಿನಲ್ಲಿ ಶಾಲೆಗಳಿಗೆ ಒದಗಿಸಬೇಕು.