ಮುರಕಲ್ಲಿನ ಪದವು ಪಾಳುಭೂಮಿಯಲ್ಲ

ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು 2009ರ ಕಾಯಿದೆಯಂತೆ ಸ್ಥಾಪನೆಯಾದುದು. ಅದಕ್ಕೆ ಸುಮಾರು 310 ಎಕ್ರೆ ಭೂಮಿಯಿದೆ. ಕಟ್ಟಡ, ರಸ್ತೆಗಳಿಗೆ ನಕ್ಷೆ ಬೇಕಾಗುವಂತೆ ಆ ನೆಲದ ಜೀವರಾಶಿಗೂ ಒಂದು ಗುರಿ, ಒಂದು ಲೆಕ್ಕ ಬೇಕು.

ಗುರಿಯೆಂದರೆ ಗಿಡ ನೆಡುವುದೆಂದೇ ನಮ್ಮಲ್ಲಿ ಹಲವರ ಎಣಿಕೆ. ಜೂನ್ 5 ಬಂತೆಂದರೆ ಶಾಲೆ ಕಾಲೇಜುಗಳಲ್ಲಿ ಸಸಿ ನೆಟ್ಟು ಭಾಷಣ ಮಾಡುತ್ತೇವೆ. ನೆಟ್ಟವೆಷ್ಟೆಂಬುದು ವರದಿಯಲ್ಲಿ ಬರುತ್ತದೆ. ಉಳಿದವೆಷ್ಟೆಂದು ಮರುವರ್ಷ ಕೇಳುವವರಿಲ್ಲ. ಮರವಿಲ್ಲದ ಪದವುಗಳನ್ನು ಪಾಳುಭೂಮಿಯೆಂದು ಬಗೆದು ಅಕೇಶಿಯಾ ತುಂಬಿಸುವುದು ಇನ್ನೂ ದೊಡ್ಡ ತಪ್ಪು.

ಬೇಸಿಗೆಯಲ್ಲಿ ಸುಟ್ಟಂತೆ ಕಾಣುವ ಮುರಕಲ್ಲು ಮಳೆಗಾಲದಲ್ಲಿ ಬೇರೆಯೇ ಆಗಿರುತ್ತದೆ. ಕಲ್ಲಿನ ಗುಂಡಿಗಳಲ್ಲಿ ನೀರು ನಿಂತು ಕಪ್ಪೆಗಳು ಮೊಟ್ಟೆಯಿಡುತ್ತವೆ. ಹುಳ ಹಿಡಿದು ತಿನ್ನುವ ಪುಟ್ಟ ಸಸ್ಯಗಳು ಓಣಂ ಹೊತ್ತಿಗೆ ನೀಲಿ ಹೂ ಬಿಡುತ್ತವೆ. ಟಿಟ್ಟಿಭ ಹಕ್ಕಿಗೆ ಗೂಡು ಕಟ್ಟಲು ಬಯಲೇ ಬೇಕು. ಇಲ್ಲಿ ಇಂಗಿದ ನೀರೇ ತಗ್ಗಿನ ಬಾವಿ, ಸುರಂಗ, ತೋಡುಗಳಿಗೆ ಆಧಾರ. ಪೆರಿಯದ ತೋಡಿನ ‘ಪೋಳತ್ತಾಳಿ’ಯನ್ನು ಲೋಕಕ್ಕೇ ಹೊಸ ಸಸ್ಯವೆಂದು ತಜ್ಞರು ವಿವರಿಸಿದ್ದು 2012ರಲ್ಲಿ. ಇಂದು ಅದು ನಮ್ಮ ಜಿಲ್ಲೆಯ ಅಧಿಕೃತ ಹೂ.

ಒಂದೇ ಲೆಕ್ಕ ನೋಡಿ ಭೂಮಿ ಆಳಿದರೆ ಏನಾಗುವುದೆಂದು ಈ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. ಗೇರುಬೀಜದ ಫಸಲೊಂದನ್ನೇ ಗಮನಿಸಿ 2000ದ ತನಕ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಪುಲ್ಲೂರು-ಪೆರಿಯವೂ ನೊಂದ ಪಂಚಾಯತುಗಳಲ್ಲೊಂದು.

ಆದುದರಿಂದ ಗುರಿಗಳು ಅಳೆಯಬಹುದಾದಂಥವಾಗಿರಲಿ. ಮೊದಲು ಮಳೆಗಾಲ, ಬೇಸಿಗೆ ಎರಡರಲ್ಲೂ ಸಸ್ಯ, ಪ್ರಾಣಿಗಳ ಎಣಿಕೆಯಾಗಲಿ. ಯಾವ ನೀರುಗುಂಡಿ ಮುಚ್ಚಬಾರದು, ಯಾವ ಪದವಿನಲ್ಲಿ ಕಟ್ಟಡವೂ ತೋಪೂ ಬೇಡವೆಂದು ನಕ್ಷೆಯಲ್ಲಿ ಗುರುತಾಗಲಿ. ಅಕೇಶಿಯಾ, ಕಮ್ಯುನಿಸ್ಟ್ ಗಿಡಗಳನ್ನು ಎಷ್ಟು ವರ್ಷದಲ್ಲಿ ಎಷ್ಟು ತೆಗೆಯಬೇಕೆಂದು ನಿಶ್ಚಯವಾಗಲಿ. ಪ್ರತಿವರ್ಷದ ಫಲಿತಾಂಶ ಊರವರಿಗೂ ತಿಳಿಯಲಿ.

ಇನ್ನೊಂದು ಮಾತು. 2002ರ ಜೀವವೈವಿಧ್ಯ ಕಾಯಿದೆಯು ಊರವರ ತಿಳಿವಳಿಕೆಯನ್ನೂ ದಾಖಲಿಸಬೇಕೆನ್ನುತ್ತದೆ. ನಮ್ಮ ಹಿರಿಯರಿಗೆ ಗಿಡಮೂಲಿಕೆಗಳ ಹೆಸರು ಗೊತ್ತಿರುವುದು ಕನ್ನಡದಲ್ಲಿ, ತುಳುವಿನಲ್ಲಿ. ಕಾಸರಗೋಡಿಗೆ ಹೆಸರು ಕೊಟ್ಟಿತೆನ್ನುವ ಕಾಸರಕ ಮಲೆಯಾಳದಲ್ಲಿ ಕಾಞಿರಂ. ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿ ಎಲ್ಲ ಹೆಸರುಗಳೂ ಇರಲಿ. ಹೆಸರು ಮರೆತ ಗಿಡವನ್ನು ಕಡಿಯುವಾಗ ತಡೆಯುವವರಿರುವುದಿಲ್ಲ. ಅಧಿಕಾರಿಗಳು ಇತ್ತ ಗಮನ ಹರಿಸುವರೇ?